ಕಲಬುರಗಿ ಕಡೆಯಿಂದ ಹೊಸದಾಗಿ ನ್ಯೂಜೆರ್ಸಿಗೆ ಬಂದವರಿಗೆ: ದೇವರ ಮೇಲೆ ಭಾರ ಹಾಕೋದು ಅಂದರೆ

ಕಲಬುರಗಿ, ಬೀದರ್, ಯಾದಗಿರಿಯಿಂದ ಬಂದ ತಮ್ಮಂದಿರೇ, ತಂಗಿಯರೇ, ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸ್, ಜೋಳದ ಹಿಟ್ಟು ಸಿಗುವ ಅಂಗಡಿ, ಇದನ್ನೆಲ್ಲ ಹೇಳಿಕೊಡೋರು ಇಲ್ಲಿ ಬಹಳ ಜನ ಇದ್ದಾರೆ. ಫೋನ್ ಮಾಡಿದರೆ ನಾನೂ ಹೇಳುತ್ತೇನೆ. ಇವತ್ತು ಬೇರೆ ಮಾತು. ರಾತ್ರಿ ಎರಡಕ್ಕೆ ಎಚ್ಚರವಾಗಿ, ‘ಮುಂದೇನು’ ಅಂತ ಮೇಲೆ ನೋಡುತ್ತಾ ಮಲಗಿರುತ್ತೀರಲ್ಲ, ಆ ಹೊತ್ತಿನ ಮಾತು.

ನನಗೆ ಆ ಹೊತ್ತು ಬಂದಿದ್ದು ಮೂರನೇ ವರ್ಷ. ಒಂದು ಮಂಗಳವಾರ ಹದಿನೈದು ನಿಮಿಷದ ಮೀಟಿಂಗ್. ಕೆಲಸ ಹೋಯಿತು. ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಇರುವವರಿಗೆ ಕೆಲಸ ಮುಗಿದ ಮೇಲೆ ಹೆಚ್ಚೆಂದರೆ 60 ದಿನ ಸಿಗುತ್ತವೆ. ಐ-94 (ಇಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನೋ ದಾಖಲೆ) ಅದಕ್ಕಿಂತ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಅಷ್ಟರೊಳಗೆ ಹೊಸ ಕಂಪನಿ ನಿಮ್ಮ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ನೀವು ಬೇರೆ ದಾರಿ ನೋಡಿಕೊಳ್ಳಬೇಕು. ಮಗಳಿಗೆ ಆಗ ಎಂಟು ತಿಂಗಳು. ನವೆಂಬರ್ ತಿಂಗಳು, ಗಡಿಯಾರ ಒಂದು ಗಂಟೆ ಹಿಂದೆ ಹೋಗಿ ಸಂಜೆ ಐದಕ್ಕೆಲ್ಲ ಕತ್ತಲು.

ಅವ್ವನಿಗೆ ಎರಡು ವಾರ ಹೇಳಲೇ ಇಲ್ಲ. ನಮಗೆ ರಾತ್ರಿ ಏಳೂವರೆ ಆದಾಗ ಅಲ್ಲಿ ಬೆಳಿಗ್ಗೆ ಆರು. ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಫೋನಿನ ಮುಂದೆ ಕೂರುತ್ತಿದ್ದಳು. ಒಂದು ದಿನ ತಡೆಯಲಾಗದೆ ಹೇಳಿಬಿಟ್ಟೆ. ಅಳುತ್ತಾಳೆ ಅಂದುಕೊಂಡಿದ್ದೆ. ಆಕೆ ಕೇಳಿದ್ದು ಒಂದೇ: “ಝರಣಿಗೆ ಹೋಗಿದ್ದು ನೆನಪದ ಏನ?”

ಬೀದರಿನ ಝರಣಿ ನರಸಿಂಹನ ಗುಹೆ ನಿಮಗೆ ಗೊತ್ತೇ ಇರುತ್ತದೆ. ಸುಮಾರು 300 ಮೀಟರ್ ಎದೆಮಟ್ಟದ ನೀರಿನಲ್ಲಿ ನಡೆದರೆ ಆ ತುದಿಯಲ್ಲಿ ದೇವರು. ನನಗೆ ಹನ್ನೆರಡು ವರ್ಷ, ನೀರು ಕುತ್ತಿಗೆಗೆ ಬಂದಿತ್ತು. ತಲೆಯ ಮೇಲೆ ಬಾವಲಿಗಳು. ಅಪ್ಪನ ಒದ್ದೆ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. “ಕಾಲು ಊರಿ ನಡಿ, ಅಷ್ಟ ಸಾಕು” ಅಂತಿದ್ದ. ನನ್ನ ಹಿಂದಿನವರು ಯಾರೋ, ನನ್ನ ಭುಜ ಹಿಡಿದಿದ್ದರು.

“ಬಾಗಿಲದಾಗ ನಿಂತಾಗ ದೇವರು ಕಂಡಿದ್ನೇನು? ನಡದ ಮ್ಯಾಲೆ ಅಲ್ಲೇನು ಕಂಡಿದ್ದು?” ಅಂದಳು ಅವ್ವ. ಆ ರಾತ್ರಿ ಬಹಳ ದಿನದ ಮೇಲೆ ನಿದ್ದೆ ಬಂತು.

ಹಾಗಂತ ಸುಮ್ನೆ ಕೂರಬೇಡಿ. ನಮ್ಮ ಕಡೆ ತೊಗರಿ ಬೆಳೆಯುವವರನ್ನು ನೋಡಿದ್ದೀರಲ್ಲ. ಮುಂಗಾರಿನಲ್ಲಿ ಬಿತ್ತಿದರೆ ರಾಶಿ ಆಗೋದು ಡಿಸೆಂಬರ್ ಹೊತ್ತಿಗೆ. ನಡುವೆ ಮಳೆ ಹೇಗೋ ಏನೋ. ಆದರೂ ಅಪ್ಪ ಎಡೆ ಹೊಡೆಯೋದು ಬಿಡುತ್ತಿರಲಿಲ್ಲ, ಕಾಯಿಕೊರಕ ಬಂತಾ ಅಂತ ದಿನಾ ಹೊಲಕ್ಕೆ ಹೋಗಿ ನೋಡುತ್ತಿದ್ದ. ಕೆಲಸ ಹೋದರೆ ಮೊದಲ ದಿನವೇ ಕೊನೆಯ ತಾರೀಖು ಬರೆದಿಡಿ, ವಲಸೆ ವಕೀಲರ ಹತ್ತಿರ ಮಾತಾಡಿ, ಗೊತ್ತಿರುವವರಿಗೆಲ್ಲ ಹೇಳಿ. ನಾಚಿಕೆ ಬೇಡ. ಮನೆಯವರಿಂದ ಮುಚ್ಚಿಡಬೇಡಿ, ನಾನು ಮಾಡಿದ ದೊಡ್ಡ ತಪ್ಪು ಅದೇ.

52ನೇ ದಿನ ಹೊಸ ಕಂಪನಿ ನನ್ನ ಅರ್ಜಿ ಹಾಕಿತು. ಅದೇ ಚಳಿಗಾಲದಲ್ಲಿ ಶಹಾಪುರದ ಗೆಳೆಯನಿಗೂ ಕೆಲಸ ಹೋಗಿತ್ತು. ಅವನಿಗೆ ಸಿಗಲಿಲ್ಲ. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ಅವನು ನನಗಿಂತ ಜಾಸ್ತಿ ಭಕ್ತಿಯವನು. ದೇವರು ನನ್ನ ಕೈ ಹಿಡಿದು ಅವನ ಕೈ ಬಿಟ್ಟ ಅಂತ ಹೇಳಲು ನನಗೆ ಬಾಯಿ ಬರಲ್ಲ. ಊರಿಗೆ ಹೋಗಿ ಒಂದು ವರ್ಷ ಬಹಳ ಕಷ್ಟಪಟ್ಟ. ಶ್ರಾವಣ ಸೋಮವಾರದ ಒಪ್ಪತ್ತು ಮಾತ್ರ ಬಿಡಲಿಲ್ಲ. “ಬಿಟ್ಟಿದ್ರ ನಾನು ಉಳೀತಿದ್ದಿಲ್ಲ” ಅಂದ ಒಮ್ಮೆ. ಅದಕ್ಕೇ ಯಾರಾದರೂ ‘ಹರಕೆ ತೀರಿಸಿಲ್ಲ, ಅದಕ್ಕೆ ಹಿಂಗಾಯ್ತು’ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ನೀವೂ ಯಾರಿಗೂ ಹಾಗೆ ಹೇಳಬೇಡಿ. ಊಟ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ.

ಎಳ್ಳಮಾವಾಸ್ಯೆಗೆ ನಮ್ಮ ಮನೆಗೆ ಬನ್ನಿ. ಹೊಲ ಇಲ್ಲ, ಹಿತ್ತಲಿದೆ. ಹಿಮ ಬಿದ್ದಿದ್ದರೂ ಅದರ ಮೇಲೇ ಚರಗ, ಅಂದರೆ ಭೂಮಿತಾಯಿಯ ನೈವೇದ್ಯ, ಚೆಲ್ಲುತ್ತೇವೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಇರುತ್ತದೆ. ಬರುವಾಗ ಒಂದು ಡಬ್ಬಿ ತನ್ನಿ, ಮರುದಿನಕ್ಕೂ ಕಟ್ಟಿಕೊಡುತ್ತೇವೆ.