ಕಹಿಯಾಗದಂತೆ ಚಹಾ ಇಳಿಸುವುದು: ತೂಕ, ಬಿಸಿ, ಸಮಯ

ಗ್ರೀನ್ ಟೀ ಕಹಿ ಎಂದು ಯಾರಾದರೂ ಮುಖ ಕಿವುಚಿದರೆ ನಾನು ಮೊದಲು ಕೇಳುವುದು ನೀರು ಎಷ್ಟು ಬಿಸಿ ಇತ್ತು ಎಂದು. ಕುದಿಯುವ ನೀರನ್ನೇ ನೇರ ಸುರಿದಿರುತ್ತಾರೆ. ಎಲೆಯ ಸಿಹಿ ಛಾಯೆಗೆ ಕಾರಣವಾದ ಥಿಯಾನಿನ್ ಕಡಿಮೆ ಬಿಸಿಯಲ್ಲೂ ಚೆನ್ನಾಗಿ ಕರಗುತ್ತದೆ. ಒಗರು, ಕಹಿ ತರುವ ಕ್ಯಾಟೆಚಿನ್ ಮತ್ತು ಕೆಫೀನ್ ಮಾತ್ರ ಬಿಸಿ ಏರಿದಷ್ಟೂ ಜಾಸ್ತಿ ಇಳಿಯುತ್ತವೆ. ಹಾಗಾಗಿ 75 ಡಿಗ್ರಿ ನೀರು, 200 ಮಿ.ಲೀ.ಗೆ 3 ಗ್ರಾಂ ಎಲೆ, 2 ನಿಮಿಷ. ಇಷ್ಟಕ್ಕೇ ಅದೇ ಪೊಟ್ಟಣದ ಎಲೆ ಬೇರೆಯೇ ರುಚಿ ಕೊಡುತ್ತದೆ. ಜಪಾನಿನ ಗ್ಯೊಕುರೊದಂಥ ನೆರಳಲ್ಲಿ ಬೆಳೆಸಿದ ಎಲೆಗೆ ಇನ್ನೂ ತಣ್ಣಗಿನ ನೀರು, 50ರಿಂದ 60 ಡಿಗ್ರಿ ಸಾಕು.

ಥರ್ಮಾಮೀಟರ್ ಇಲ್ಲದಿದ್ದರೆ ಕುದಿದ ನೀರನ್ನು ಬಿಸಿ ಮಾಡಿರದ ಪಿಂಗಾಣಿ ಪಾತ್ರೆಗೆ ಬಗ್ಗಿಸಿ, ಅಲ್ಲಿಂದ ಇನ್ನೊಂದಕ್ಕೆ ಬಗ್ಗಿಸಿ. ಒಂದೊಂದು ಸಲಕ್ಕೂ ಹೆಚ್ಚುಕಡಿಮೆ 8–10 ಡಿಗ್ರಿ ಇಳಿಯುತ್ತದೆ. ಎರಡು ಸಲಕ್ಕೆ 80ರ ಸುಮಾರು. ದಪ್ಪ ಪಾತ್ರೆಯಾದರೆ ಇನ್ನಷ್ಟು ಇಳಿಯುತ್ತದೆ.

ಗ್ರೀನ್, ವೈಟ್, ಅರೆ ಕಪ್ಪಾಗಿಸಿದ ಊಲಾಂಗ್, ಬ್ಲ್ಯಾಕ್ ಎಲ್ಲವೂ ಒಂದೇ ಗಿಡದ ಎಲೆ. ಕೊಯ್ದ ಮೇಲೆ ಗಾಳಿಗೆ ಎಷ್ಟು ಹೊತ್ತು ಕಪ್ಪಾಗಲು ಬಿಟ್ಟರು, ಯಾವಾಗ ಬಿಸಿ ಕೊಟ್ಟು ನಿಲ್ಲಿಸಿದರು ಎಂಬುದರಲ್ಲಿ ವ್ಯತ್ಯಾಸ. ಗ್ರೀನ್ ಟೀಯನ್ನು ಹುರಿದೋ ಹಬೆಯಲ್ಲಿ ಬೇಯಿಸಿಯೋ ಮೊದಲೇ ನಿಲ್ಲಿಸಿರುತ್ತಾರೆ, ಕ್ಯಾಟೆಚಿನ್ ಹಾಗೇ ಉಳಿದಿರುತ್ತದೆ, ಅದಕ್ಕೇ ಅದು ಬಿಸಿ ತಡೆಯುವುದಿಲ್ಲ. ಬ್ಲ್ಯಾಕ್ ಟೀಯಲ್ಲಿ ಆ ಕ್ಯಾಟೆಚಿನ್ ಬಹುಪಾಲು ಬೇರೆ ರೂಪಕ್ಕೆ ಬದಲಾಗಿದೆ. ಅದಕ್ಕೆ ಕುದಿಯುವ ನೀರೇ ಬೇಕು, ಅರೆಬಿಸಿ ನೀರು ಹಾಕಿದರೆ ಬಣ್ಣ ಬರುತ್ತದೆ, ರುಚಿ ಸಪ್ಪೆ. ಡಾರ್ಜಿಲಿಂಗಿನ ವರ್ಷದ ಮೊದಲ ಕೊಯ್ಲಿನ ಎಲೆಯನ್ನು ಮಾತ್ರ ಹೀಗೆ ಬೇಯಿಸಬೇಡಿ. ಹೆಸರಿಗೆ ಬ್ಲ್ಯಾಕ್ ಆದರೂ ಎಲೆ ಅರ್ಧ ಹಸಿರೇ ಇರುತ್ತದೆ. 85–90 ಡಿಗ್ರಿಯಲ್ಲಿ 3 ನಿಮಿಷ ಬಿಟ್ಟರೆ ಘಮ ಉಳಿಯುತ್ತದೆ.

ಅಳತೆಗೆ ಚಮಚ ನಂಬಬೇಡಿ. ಸಿಟಿಸಿ ಪುಡಿ (ಹಾಲಿನ ಚಹಾಕ್ಕೆ ಹಾಕುವ ಕಾಳು ಪುಡಿ) ಒಂದು ಟೀ ಚಮಚಕ್ಕೆ ಎರಡೂವರೆ ಗ್ರಾಂ ತೂಗಿದರೆ, ಹಗುರವಾಗಿ ಅರಳಿಕೊಂಡಿರುವ ವೈಟ್ ಟೀ 1 ಗ್ರಾಂ ಕೂಡ ತೂಗುವುದಿಲ್ಲ. ಉಂಡೆಯಾಗಿ ಸುತ್ತಿದ ಊಲಾಂಗ್ ಒಂದು ಚಮಚದಲ್ಲೇ 3 ಗ್ರಾಂ ದಾಟಬಹುದು. ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಒಂದಿದ್ದರೆ ಅರ್ಧ ಗೊಂದಲ ಮುಗಿಯಿತು. ರುಚಿ ಪರೀಕ್ಷೆಗೆ 1980ರಲ್ಲಿ ಬಂದ ಐಎಸ್‌ಒ 3103 ಎಂಬ ಮಾನದಂಡ 100 ಮಿ.ಲೀ. ಕುದಿಯುವ ನೀರಿಗೆ 2 ಗ್ರಾಂ, 6 ನಿಮಿಷ ಎನ್ನುತ್ತದೆ. ಅದು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಮಾಡಿದ್ದು. ಹಾಲು ಹಾಕದೆ ಕುಡಿಯಲು ನಾನು 200 ಮಿ.ಲೀ.ಗೆ 3 ಗ್ರಾಂ ಬ್ಲ್ಯಾಕ್ ಟೀ ಹಾಕಿ ಮೂರೂವರೆ ನಿಮಿಷಕ್ಕೆ ಸೋಸುತ್ತೇನೆ. ಇನ್ನೂ ಸ್ಟ್ರಾಂಗ್ ಬೇಕೆಂದರೆ ಎಲೆ ಹೆಚ್ಚಿಸಿ, ಸಮಯ ಬೇಡ. ಹೊತ್ತು ಹೆಚ್ಚಿಸಿದರೆ ಮೊದಲು ಏರುವುದು ಒಗರು.

ವೈಟ್ ಟೀ ಸಾಧು. 4 ಗ್ರಾಂ, 85 ಡಿಗ್ರಿ, 5 ನಿಮಿಷ. ಒಂದು ನಿಮಿಷ ಮರೆತರೂ ಕೆಡುವುದಿಲ್ಲ.

ಊಲಾಂಗ್ ಮತ್ತು ಚೀನಾದ ಚಹಾ ಪು-ಎರ್‌ಗೆ ಲೆಕ್ಕವೇ ತಿರುವುಮುರುವು: ಚಿಕ್ಕ ಪಾತ್ರೆ, ಜಾಸ್ತಿ ಎಲೆ, ಕಡಿಮೆ ಹೊತ್ತು. 100 ಮಿ.ಲೀ.ಗೆ 5–6 ಗ್ರಾಂ. ಊಲಾಂಗ್‌ಗೆ 95 ಡಿಗ್ರಿ, ಮೊದಲ ಸಲ 25 ಸೆಕೆಂಡ್, ಆಮೇಲೆ ಪ್ರತಿ ಸಲಕ್ಕೂ 10 ಸೆಕೆಂಡ್ ಹೆಚ್ಚು. ಒಂದೇ ಎಲೆಯಲ್ಲಿ ಐದಾರು ಸಲ ಇಳಿಸಬಹುದು, ನನ್ನ ಮಟ್ಟಿಗೆ ಎರಡನೆಯದೂ ಮೂರನೆಯದೂ ಅತ್ಯುತ್ತಮ. ಪು-ಎರ್ ಸೂಕ್ಷ್ಮಜೀವಿಗಳಿಂದ ಹುದುಗಿದ್ದು. ಮೊದಲ ನೀರನ್ನು 10 ಸೆಕೆಂಡಿಗೆ ಚೆಲ್ಲಿ, ಒತ್ತಿದ ಬಿಲ್ಲೆಯ ಎಲೆ ಬಿಡಿಸಿಕೊಳ್ಳುತ್ತದೆ, ಧೂಳೂ ಹೋಗುತ್ತದೆ. ನಂತರ ಕುದಿಯುವ ನೀರಲ್ಲಿ 15 ಸೆಕೆಂಡ್. ಎರಡಕ್ಕೂ ಚಿಕ್ಕ ಗುಂಡು ಜಾಲರಿ ಬಳಸಬೇಡಿ. ಎಲೆ ಅರಳಲು ಜಾಗವಿಲ್ಲದೆ ಒಳಗಿನದ್ದು ನೆನೆಯುವುದೇ ಇಲ್ಲ. ಅಗಲ ಬುಟ್ಟಿಯಂಥ ಜಾಲರಿ ಒಳ್ಳೆಯದು.

ಹಾಲಿನ ಚಹಾಕ್ಕೆ ಸಿಟಿಸಿಯೇ ಸರಿ. ಎಲೆಯನ್ನು ಹಲ್ಲಿನ ರೋಲರ್‌ಗಳಲ್ಲಿ ಜಜ್ಜಿ, ಹರಿದು, ಸುರುಟಿದ ಕಾಳು. ಬೇಗ ಬಿಡುತ್ತದೆ, ಹಾಲಿಗೆ ಬಗ್ಗುವುದಿಲ್ಲ. ಎರಡು ಲೋಟಕ್ಕೆ 150 ಮಿ.ಲೀ. ನೀರು, ಜಜ್ಜಿದ ಶುಂಠಿ, 3 ನಿಮಿಷ ಕುದಿಸಿ. ಆಮೇಲೆ 5–6 ಗ್ರಾಂ ಪುಡಿ ಹಾಕಿ 2 ನಿಮಿಷ ಕುದಿಸಿ. ಕೊನೆಗೆ 150 ಮಿ.ಲೀ. ಹಾಲು, ಎರಡು ಸಲ ಉಕ್ಕಿ ಬಂದೊಡನೆ ಇಳಿಸಿ ಸೋಸಿ. ಪುಡಿಯನ್ನು ನೇರ ಹಾಲಿಗೇ ಹಾಕಿದರೆ ಹಾಲಿನ ಕೇಸಿನ್ ಎಂಬ ಪ್ರೋಟೀನ್ ಚಹಾದ ಒಗರು-ರುಚಿಗೆ ಕಾರಣವಾದ ಪಾಲಿಫಿನಾಲ್‌ಗಳನ್ನು ಹಿಡಿದಿಟ್ಟುಕೊಂಡು ಡಿಕಾಕ್ಷನ್ ಎಷ್ಟು ಕುದಿಸಿದರೂ ಸಪ್ಪೆ. ಹಸಿ ಶುಂಠಿಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವಿದೆ. ಅದು ಹಾಲಿನೊಡನೆ ನಿಧಾನ ಬಿಸಿಯಾಗುವಾಗ ಒಡೆಸುತ್ತದೆ. ಶುಂಠಿ ಮೊದಲೇ ನೀರಲ್ಲಿ ಕುದಿದಿದ್ದರೆ ಕಿಣ್ವ ಸತ್ತಿರುತ್ತದೆ. ಆಗಲೂ ಒಡೆದರೆ ಹಾಲು ಹಳೆಯದು, ಶುಂಠಿಯನ್ನು ದೂರಬೇಡಿ. ಮಾಡಿಟ್ಟ ಚಹಾವನ್ನು ಸಣ್ಣ ಉರಿಯಲ್ಲಿ ಕಾಯಿಸುತ್ತಾ ಇಡುವುದೂ ಬೇಡ, ಘಮವೆಲ್ಲ ಹಬೆಯಲ್ಲಿ ಹೋಗಿ ಕಡು ಬಣ್ಣವಷ್ಟೇ ಉಳಿಯುತ್ತದೆ.

ಬೇಸಿಗೆಗೆ ತಣ್ಣೀರಲ್ಲೇ ನೆನೆಸಿ: 1 ಲೀಟರಿಗೆ 8–10 ಗ್ರಾಂ ಎಲೆ, ಫ್ರಿಜ್ಜಿನಲ್ಲಿ 8 ಗಂಟೆ. ಒಗರು ಬಹಳ ಕಮ್ಮಿ. ಬಿಸಿಯಾಗಿ ಗಟ್ಟಿ ಮಾಡಿದ ಬ್ಲ್ಯಾಕ್ ಟೀಯನ್ನು ತಣಿಸಿದರೆ ಮಬ್ಬಾಗುತ್ತದೆ. ಕೆಟ್ಟಿದ್ದಲ್ಲ, ಕ್ಯಾಟೆಚಿನ್ ಬದಲಾಗಿ ಆದ ಥಿಯಾಫ್ಲಾವಿನ್ ಮತ್ತು ಕೆಫೀನ್ ಕೂಡಿಕೊಂಡದ್ದು. ಸ್ವಲ್ಪ ಬಿಸಿನೀರು ಬೆರೆಸಿದರೆ ತಿಳಿಯಾಗುತ್ತದೆ.

ಲೋಟದ ಮೇಲೆ ಎಣ್ಣೆಯಂಥ ಪೊರೆ ಕಟ್ಟಿದರೆ ಗಡಸು ನೀರು ಕಾರಣ. ನಾಲ್ಕು ಹನಿ ನಿಂಬೆರಸ ಪೊರೆ ಕರಗಿಸುತ್ತದೆ, ಬಣ್ಣವನ್ನೂ ತಿಳಿ ಮಾಡುತ್ತದೆ. ಹಾಗೆಂದು ಖನಿಜವೇ ಇಲ್ಲದ ಡಿಸ್ಟಿಲ್ಡ್ ನೀರು ಬಳಸಿದರೆ ಚಹಾ ನಿರ್ಜೀವ.

ಎಲೆ ಗಾಳಿಯಾಡದ ಡಬ್ಬದಲ್ಲಿ, ಬೆಳಕು ಬೀಳದ ಕಡೆ, ಮಸಾಲೆಗಳಿಂದ ದೂರ ಇರಲಿ; ಅದು ಯಾವ ವಾಸನೆಯನ್ನಾದರೂ ಹೀರುತ್ತದೆ. ಗ್ರೀನ್ ಟೀ ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರತೆಗೆದು, ಪೊಟ್ಟಣ ಕೋಣೆಯ ಬಿಸಿಗೆ ಬಂದ ಮೇಲೆಯೇ ಒಡೆಯಿರಿ. ಇಲ್ಲದಿದ್ದರೆ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಕೂರುತ್ತದೆ.