ಬಜೆಟ್ ಓದುವುದು ಹೇಗೆ? ಭಾಷಣ ಕೇಳಿ ಆಯ್ತಾ, ಇನ್ನು ಕಾಲಂ ನೋಡಿ

ಫೆಬ್ರುವರಿ 1ರ ಬೆಳಿಗ್ಗೆ 11 ಗಂಟೆಗೆ ಟಿವಿ ಮುಂದೆ ಕೂರುತ್ತೇವೆ. ಯಾವುದು ಅಗ್ಗ, ಯಾವುದು ದುಬಾರಿ, ಆದಾಯ ತೆರಿಗೆ ಎಷ್ಟು ಇಳಿಯಿತು ಎಂದು ಕೇಳಿಸಿಕೊಳ್ಳುತ್ತೇವೆ. ಊಟದ ಹೊತ್ತಿಗೆ ಬಜೆಟ್ ಮುಗಿಯಿತು ಅಂತ ಏಳುತ್ತೇವೆ. ಅವತ್ತು ಮುಗಿಯುವುದು ಭಾಷಣ ಮಾತ್ರ. ಕೇಂದ್ರ ಬಜೆಟ್‌ನ ಕೆಲಸ ಅದಕ್ಕೆ ಐದಾರು ತಿಂಗಳ ಮುಂಚೆಯೇ ಶುರುವಾಗಿರುತ್ತದೆ. ಆ ವರ್ಷದ ಖರ್ಚಿನ ಪಕ್ಕಾ ಲೆಕ್ಕ ಸಿಗಬೇಕಾದರೆ ಇನ್ನೆರಡು ಬಜೆಟ್ ಕಳೆಯಬೇಕು.

ಮೊದಲು, ತೆರೆಮರೆಯ ತಯಾರಿ. ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಹಣಕಾಸು ಸಚಿವಾಲಯದ ಬಜೆಟ್ ವಿಭಾಗ ಎಲ್ಲ ಸಚಿವಾಲಯಗಳಿಗೆ ಸುತ್ತೋಲೆ ಕಳುಹಿಸುತ್ತದೆ. ಯಾರಿಗೆ ಎಷ್ಟು ಬೇಕು ಎಂದು ಬರೆದು ಕೊಡಿ ಅಂತ. ಅಕ್ಟೋಬರ್‌ನಿಂದ ಚೌಕಾಸಿ. ಬಜೆಟ್‌ಗೆ ಕೆಲವು ದಿನ ಮುಂಚೆ ಸಚಿವಾಲಯದಲ್ಲಿ ಮಾಡುವ ಹಲ್ವಾ ಬಾಣಲೆಯ ಫೋಟೊ ನಾವು ನೋಡುವ ಹೊತ್ತಿಗೆ ಹಂಚಿಕೆ ಬಹುತೇಕ ಮುಗಿದಿರುತ್ತದೆ. ಚೌಕಾಸಿಗೆ ಉಳಿಯುವ ಹಣವೂ ನಾವು ಅಂದುಕೊಂಡಷ್ಟು ಜಾಸ್ತಿ ಇರುವುದಿಲ್ಲ. 2025–26ರ ಬಜೆಟ್‌ನ ಒಟ್ಟು ಖರ್ಚಿನ ಅಂದಾಜು ₹50.65 ಲಕ್ಷ ಕೋಟಿ. ಅದರಲ್ಲಿ ಹಳೇ ಸಾಲದ ಬಡ್ಡಿಗೇ ₹12.76 ಲಕ್ಷ ಕೋಟಿ. ಸಂಬಳ, ಪಿಂಚಣಿ, ಸಬ್ಸಿಡಿಗಳನ್ನೂ ಮುಟ್ಟುವುದು ಕಷ್ಟ. ಯಾವ ಸರ್ಕಾರ ಬಂದರೂ ಇದೇ ಪಾಡು.

ಎರಡನೆಯದು ಕಾಗದ ಓದುವುದು. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ನಮ್ಮ ಸಂವಿಧಾನದಲ್ಲಿ ಬಜೆಟ್ ಎಂಬ ಪದವೇ ಇಲ್ಲ. 112ನೇ ವಿಧಿ ಹೇಳುವುದು ‘ವಾರ್ಷಿಕ ಹಣಕಾಸು ವಿವರಪಟ್ಟಿ’ ಅಂತ. ಅದರ ಜೊತೆ ಬರುವ ದಾಖಲೆಗಳ ರಾಶಿಯೆಲ್ಲ ಬಜೆಟ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲ ಸಲ ಓದುವವರು ‘ಬಜೆಟ್ ಅಟ್ ಎ ಗ್ಲಾನ್ಸ್’ ಎಂಬ ತೆಳ್ಳಗಿನ ಪುಸ್ತಿಕೆ ತೆರೆಯಿರಿ. ಪ್ರತಿ ಸಾಲಿನ ಮುಂದೆ ನಾಲ್ಕು ಅಂಕಿ ಇರುತ್ತವೆ. ಎರಡು ವರ್ಷದ ಹಿಂದೆ ನಿಜವಾಗಿ ಆದ ಖರ್ಚು, ಹೋದ ವರ್ಷದ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು (ವರ್ಷದ ನಡುವೆ ತಿದ್ದಿದ ಅಂಕಿ), ಕೊನೆಗೆ ಬರುವ ವರ್ಷದ ಅಂದಾಜು. ಭಾಷಣದಲ್ಲಿ ಕೇಳಿಸುವುದು ಹೆಚ್ಚಾಗಿ ಆ ಕೊನೆಯ ಅಂಕಿ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಯೋಜನೆಗೆ ಹೋದ ವರ್ಷ ₹100 ಕೋಟಿ ಇಟ್ಟಿದ್ದರು ಅಂದುಕೊಳ್ಳಿ. ಖರ್ಚಾಗಲಿಲ್ಲ, ಪರಿಷ್ಕೃತ ಅಂದಾಜಿನಲ್ಲಿ ₹60 ಕೋಟಿಗೆ ಇಳಿಸಿದರು. ಈ ಸಲ ₹90 ಕೋಟಿ ಕೊಟ್ಟರು. ಪರಿಷ್ಕೃತಕ್ಕೆ ಹೋಲಿಸಿದರೆ ಶೇ 50ರಷ್ಟು ಹೆಚ್ಚಳ! ಹೋದ ವರ್ಷದ ಬಜೆಟ್‌ಗೆ ಹೋಲಿಸಿದರೆ ಶೇ 10ರಷ್ಟು ಕಡಿತ. ಎರಡೂ ಸುಳ್ಳಲ್ಲ. ಯಾವುದರ ಜೊತೆ ಹೋಲಿಸುತ್ತಿದ್ದಾರೆ ಅಂತ ಕೇಳುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಬಜೆಟ್ ಅರ್ಥವಾದ ಹಾಗೆ.

ಕಾಲಂಗಳ ಮಧ್ಯೆ ದೊಡ್ಡ ಕಥೆಯೇ ಅಡಗಿರುವುದೂ ಉಂಟು. 2020–21ಕ್ಕೆ ಆಹಾರ ಸಬ್ಸಿಡಿ ಅಂದಾಜು ಸುಮಾರು ₹1.15 ಲಕ್ಷ ಕೋಟಿ ಇತ್ತು. ಪರಿಷ್ಕೃತ ಅಂದಾಜಿನಲ್ಲಿ ಅದು ₹4.22 ಲಕ್ಷ ಕೋಟಿ ಆಯಿತು. ಕೋವಿಡ್ ಕಾಲದ ಉಚಿತ ಧಾನ್ಯ ಒಂದು ಕಾರಣ. ಇನ್ನೊಂದು ಹಳೇ ಗಂಟು. ಎಷ್ಟೋ ವರ್ಷ ಸರ್ಕಾರ ಸಬ್ಸಿಡಿ ಹಣವನ್ನು ಪೂರ್ತಿ ಕೊಡದೆ, ಭಾರತೀಯ ಆಹಾರ ನಿಗಮಕ್ಕೆ ಸಣ್ಣ ಉಳಿತಾಯ ನಿಧಿಯಿಂದ (ಅಂಚೆ ಉಳಿತಾಯದಂಥ ಜನರ ಹಣ ಸೇರುವ ನಿಧಿ) ಸಾಲ ಕೊಡಿಸುತ್ತಿತ್ತು. ಸಾಲ ನಿಗಮದ ಹೆಸರಲ್ಲಿ, ಹಾಗಾಗಿ ಬಜೆಟ್‌ನ ಕೊರತೆಯಲ್ಲಿ ಕಾಣುತ್ತಿರಲಿಲ್ಲ. 2021ರ ಬಜೆಟ್ ಅದನ್ನು ತೀರಿಸಿ ಲೆಕ್ಕದೊಳಗೆ ತಂದಿತು. ನನ್ನ ಪ್ರಕಾರ ಇತ್ತೀಚಿನ ವರ್ಷಗಳ ಅತ್ಯಂತ ಪ್ರಾಮಾಣಿಕ ಸುಧಾರಣೆ ಅದೇ. ಆದರೆ ಅವತ್ತು ಹೆಚ್ಚು ಜನರ ಗಮನ ಅತ್ತ ಹೋಗಲಿಲ್ಲ.

ಮೂರನೆಯ ಹಂತ ಸಂಸತ್ತು. ಸಾಮಾನ್ಯ ಚರ್ಚೆ ಆದ ಮೇಲೆ ಸದನಕ್ಕೆ ಬಿಡುವು. ಆಗ ಸಂಸದರ ಇಲಾಖಾವಾರು ಸ್ಥಾಯಿ ಸಮಿತಿಗಳು ಅನುದಾನ ಬೇಡಿಕೆಗಳನ್ನು, ಅಂದರೆ ಪ್ರತಿ ಸಚಿವಾಲಯ ಕೇಳುವ ಹಣದ ಪಟ್ಟಿಯನ್ನು, ಪರಿಶೀಲಿಸುತ್ತವೆ. 1993ರಲ್ಲಿ 17 ಇದ್ದ ಈ ಸಮಿತಿಗಳು ಈಗ 24. ಪಕ್ಷದ ಗಲಾಟೆ ಇಲ್ಲದೆ ಅಧಿಕಾರಿಗಳನ್ನು ಕೂರಿಸಿ ಪ್ರಶ್ನೆ ಕೇಳುವ ಜಾಗ ಇದು. ಇವುಗಳ ವರದಿ ಓದಿ, ಭಾಷಣಕ್ಕಿಂತ ರುಚಿಯಾಗಿರುತ್ತದೆ.

ನಂತರ ಲೋಕಸಭೆ ಬೇಡಿಕೆಗಳನ್ನು ಮತಕ್ಕೆ ಹಾಕುತ್ತದೆ. ಸದಸ್ಯರ ಕೈಲಿರುವ ಅಸ್ತ್ರ ಕಡಿತ ಸೂಚನೆ. ನೀತಿಯೇ ಸರಿಯಿಲ್ಲ ಎನ್ನಲು ಬೇಡಿಕೆಯನ್ನು ‘₹1ಕ್ಕೆ ಇಳಿಸಿ’ ಎನ್ನಬಹುದು. ಒಂದು ದೂರು ಹೇಳಲು ‘₹100 ಕಡಿಮೆ ಮಾಡಿ’ ಎನ್ನಬಹುದು. ಚರ್ಚೆಯಾಗುವುದು ಬೆರಳೆಣಿಕೆಯ ಸಚಿವಾಲಯಗಳು ಮಾತ್ರ. ಉಳಿದದ್ದಕ್ಕೆ ಗಿಲೋಟಿನ್, ಅಂದರೆ ಸಮಯ ಮುಗಿಯಿತೆಂದು ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕುವುದು. 2018ರಲ್ಲಿ, 2023ರಲ್ಲಿ ಗದ್ದಲದ ನಡುವೆ ಒಂದೇ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಯಾಗದೆ ಎಲ್ಲವೂ ಪಾಸಾದವು. ಲಕ್ಷಾಂತರ ಕೋಟಿ, ನಿಮಿಷಗಳಲ್ಲಿ.

ಕೊನೆಗೆ ಎರಡು ಮಸೂದೆ. ಸರ್ಕಾರದ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ಹಣ ತೆಗೆಯಲು ಧನವಿನಿಯೋಗ ಮಸೂದೆ, ತೆರಿಗೆಗೆ ಹಣಕಾಸು ಮಸೂದೆ. ಇಂಥ ಹಣದ ಮಸೂದೆಯನ್ನು ರಾಜ್ಯಸಭೆ ಹೆಚ್ಚೆಂದರೆ 14 ದಿನ ಇಟ್ಟುಕೊಳ್ಳಬಹುದು, ತಡೆಯುವ ಹಾಗಿಲ್ಲ.

ಇಷ್ಟೆಲ್ಲ ಈಗ ಮಾರ್ಚ್ 31ರೊಳಗೆ ಮುಗಿಯುತ್ತದೆ. ಮೊದಲು ಹೀಗಿರಲಿಲ್ಲ. ಫೆಬ್ರುವರಿ ಕೊನೆಯ ದಿನ ಬಜೆಟ್, ಏಪ್ರಿಲ್‌ನಿಂದ ಲೇಖಾನುದಾನದಲ್ಲಿ (ಪೂರ್ಣ ಒಪ್ಪಿಗೆ ಸಿಗುವವರೆಗಿನ ತಾತ್ಕಾಲಿಕ ಹಣ) ದಿನ ದೂಡುವುದು, ಮೇ ಹೊತ್ತಿಗೆ ಒಪ್ಪಿಗೆ. ಇಲಾಖೆಗೆ ಹಣ ತಲುಪುವಾಗ ಮಳೆಗಾಲ. ರಸ್ತೆ, ಕಟ್ಟಡದ ಕೆಲಸ ಶುರುವಾಗುವುದು ಮಳೆ ನಿಂತ ಮೇಲೆ. 2017ರಲ್ಲಿ ದಿನಾಂಕವನ್ನು ಫೆಬ್ರುವರಿ 1ಕ್ಕೆ ತಂದರು. ಅದೇ ವರ್ಷ, 1924ರಿಂದ ಪ್ರತ್ಯೇಕವಾಗಿದ್ದ ರೈಲ್ವೆ ಬಜೆಟ್ ಇದರೊಳಗೆ ಸೇರಿತು. ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ಭೇದವೂ ಹೋಯಿತು. ಒಳ್ಳೆಯದೇ ಆಯಿತು. ಆಸ್ಪತ್ರೆ ಕಟ್ಟಿದರೆ ಯೋಜನೆ, ಅದನ್ನು ನಡೆಸಿದರೆ ಯೋಜನೇತರ ಎನ್ನುವ ಲೆಕ್ಕದಲ್ಲಿ ಕಟ್ಟುವುದಕ್ಕೇ ಮರ್ಯಾದೆ ಜಾಸ್ತಿ ಇತ್ತು. ಇಷ್ಟೆಲ್ಲ ಬದಲಾದರೂ ಸಂಸದರಿಗೆ ಅಂಕಿಗಳನ್ನು ಬಿಡಿಸಿ ಹೇಳುವ ಸ್ವತಂತ್ರ ಬಜೆಟ್ ಕಚೇರಿ ಮಾತ್ರ ಬರಲಿಲ್ಲ. ಅಮೆರಿಕದಲ್ಲಿ ಅಂಥದ್ದು 1970ರ ದಶಕದಿಂದಲೇ ಇದೆ.

ನಾಲ್ಕನೆಯದು, ವರ್ಷವಿಡೀ ಕಣ್ಣಿಡುವುದು. ಸಾಲದಿದ್ದ ಹಣಕ್ಕೆ ಸರ್ಕಾರ ನಡುವೆ ಪೂರಕ ಬೇಡಿಕೆ ತರುತ್ತದೆ. ಚಳಿಗಾಲದ ಅಧಿವೇಶನದ ಸುದ್ದಿಯಲ್ಲಿ ಅದನ್ನು ಹುಡುಕಿ. ವರ್ಷ ಮುಗಿದ ಮೇಲೆ ಸಿಎಜಿ, ಅಂದರೆ ಸರ್ಕಾರದ ಮಹಾಲೆಕ್ಕ ಪರಿಶೋಧಕರು, ಲೆಕ್ಕ ತನಿಖೆ ಮಾಡುತ್ತಾರೆ. ಅವರ ವರದಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. 1967ರಿಂದ ಅದರ ಅಧ್ಯಕ್ಷ ಸ್ಥಾನ ವಿರೋಧ ಪಕ್ಷದವರಿಗೆ ಎಂಬುದು ರೂಢಿ.

ಎಲ್ಲ ಸಚಿವಾಲಯಗಳ ಬೆನ್ನು ಹತ್ತಬೇಡಿ, ತಲೆ ಕೆಡುತ್ತದೆ. ನಿಮಗೆ ಸಂಬಂಧಪಟ್ಟ ಒಂದೇ ಯೋಜನೆ ಆರಿಸಿ. ಈ ವರ್ಷ ಅದಕ್ಕೆ ಇಟ್ಟ ಅಂಕಿಯನ್ನು ಡೈರಿಯಲ್ಲಿ ಬರೆದಿಡಿ. ಮುಂದಿನ ಫೆಬ್ರುವರಿಯಲ್ಲಿ ಅದರ ಪಕ್ಕ ಪರಿಷ್ಕೃತ ಅಂದಾಜು ಬರೆಯಿರಿ, ಅದರಾಚೆಯ ಫೆಬ್ರುವರಿಯಲ್ಲಿ ನಿಜವಾದ ಖರ್ಚು.