ಬ್ಯಾಂಕಾಕ್‌ನ ಹಳೇ ಊರನ್ನು ಒಂದು ದಿನದಲ್ಲಿ ನಡೆದು ನೋಡುವುದು ಹೇಗೆ?

ಬ್ಯಾಂಕಾಕ್ ಭಾರಿ ದೊಡ್ಡ ಊರು. ಆದರೆ 1782ರಲ್ಲಿ ಒಂದನೇ ರಾಮ ಎಂಬ ಥಾಯ್ ದೊರೆ ರಾಜಧಾನಿ ಮಾಡಿಕೊಂಡ ಹಳೇ ಭಾಗ, ರತ್ತನಕೋಸಿನ್, ನಡೆದೇ ನೋಡುವಷ್ಟು ಚಿಕ್ಕದು. ಕಷ್ಟ ಕೊಡುವುದು ದೂರ ಅಲ್ಲ, ಬಿಸಿಲು. ಹಾಗಾಗಿ ಬಿಸಿಲು ನೋಡಿಕೊಂಡು ದಾರಿ ಹಾಕಿಕೊಳ್ಳಿ.

ಮೆಟ್ರೋದ ನೀಲಿ ಲೈನಿನಲ್ಲಿ ಸನಾಮ್ ಚೈ ಸ್ಟೇಷನ್‌ಗೆ ಬಂದು ಇಳಿಯಿರಿ. ಅಲ್ಲಿಂದ ಉತ್ತರಕ್ಕೆ ನಡೆದರೆ ಗ್ರ್ಯಾಂಡ್ ಪ್ಯಾಲೇಸ್. ಎಂಟೂವರೆಗೆ ಬಾಗಿಲು ತೆಗೆಯುವಾಗಲೇ ಅಲ್ಲಿರಬೇಕು, ಆಮೇಲೆ ಟೂರ್ ಬಸ್ಸುಗಳ ಜನ ಬಂದರೆ ನಿಂತು ನೋಡುವುದಕ್ಕೇ ಆಗುವುದಿಲ್ಲ. ಟಿಕೆಟ್ 500 ಬಾತ್. ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ದಾರಿಯಲ್ಲಿ ಯಾರಾದರೂ ನಗುತ್ತಾ ಬಂದು "ಇವತ್ತು ಅರಮನೆ ಮುಚ್ಚಿದೆ, ಟುಕ್‌ಟುಕ್‌ನಲ್ಲಿ ಬೇರೆ ಕಡೆ ತೋರಿಸುತ್ತೇನೆ" ಅಂದರೆ ನಂಬಬೇಡಿ. ಸುಮ್ನೆ ಗೇಟಿನವರೆಗೆ ನಡೆಯಿರಿ.

ಒಳಗೆ ಎಲ್ಲರೂ ಪಚ್ಚೆ ಬುದ್ಧನ ಗುಡಿಯ ಕಡೆ ಓಡುತ್ತಾರೆ. ಅದನ್ನೂ ನೋಡಿ, ಆದರೆ ಜಾಸ್ತಿ ಹೊತ್ತು ಸುತ್ತಲಿನ ಪಡಸಾಲೆಗೆ ಕೊಡಿ. ಅಲ್ಲಿ ಗೋಡೆ ತುಂಬಾ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ, 178 ಚಿತ್ರಗಳಲ್ಲಿ. ಉತ್ತರದ ಕಡೆ ಶುರುವಾಗಿ ಪ್ರದಕ್ಷಿಣೆ ಹಾಕಿದ ಹಾಗೆ ಕಥೆ ಸಾಗುತ್ತದೆ. ಗೊತ್ತಿರುವ ಕಥೆ ತಾನೇ ಅಂತ ಮೊದಲ ಸಲ ನಾನು ಬೇಗ ಬೇಗ ದಾಟಿಬಿಟ್ಟಿದ್ದೆ. ಇಲ್ಲಿನ ಹನುಮಂತ ಬ್ರಹ್ಮಚಾರಿಯೇ ಅಲ್ಲ, ಸೇತುವೆ ಕೆಡಿಸಲು ಬಂದ ರಾವಣನ ಮಗಳು ಸುವಣ್ಣಮಚ್ಛಾ ಎಂಬ ಮತ್ಸ್ಯಕನ್ಯೆಯನ್ನು ಒಲಿಸಿಕೊಳ್ಳುತ್ತಾನೆ ಅಂತ ಆಮೇಲೆ ತಿಳಿದು, ಮುಂದಿನ ಸಲ ಒಂದೊಂದೇ ಗೋಡೆ ನಿಧಾನವಾಗಿ ನೋಡಿದೆ.

ಬಿಸಿಲೇರಿದ ಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ, ವಾಟ್ ಫೋ ಎಂಬ ಬೌದ್ಧ ದೇವಸ್ಥಾನಕ್ಕೆ. 46 ಮೀಟರ್ ಉದ್ದದ ಮಲಗಿದ ಬುದ್ಧ ಇರುವುದು ನೆರಳಲ್ಲಿ, ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಜಾಗ. ಪಾದದ ಹತ್ತಿರ ನಿಲ್ಲದೆ ಬರಬೇಡಿ: ಮುತ್ತಿನ ಚಿಪ್ಪಿನಲ್ಲಿ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಕಾಲು ಸೋತಿದ್ದರೆ ಅಲ್ಲೇ ಥಾಯ್ ಮಸಾಜ್ ಮಾಡಿಸಿಕೊಳ್ಳಬಹುದು.

ಬಿಸಿಲು ಇಳಿಯುತ್ತಿದ್ದ ಹಾಗೆ ಪಕ್ಕದ ತಾ ತಿಯನ್ ಕಟ್ಟೆಯಿಂದ ದೋಣಿ ಹತ್ತಿ ಆಚೆ ದಡದ ವಾಟ್ ಅರುಣ್‌ಗೆ ಹೋಗಿ. ದೂರಕ್ಕೆ ಬರೀ ಬಿಳಿ ಗೋಪುರ, ಹತ್ತಿರ ಹೋದರೆ ಮೈತುಂಬಾ ಪಿಂಗಾಣಿ ಚೂರುಗಳ ಹೂವು. ಮೆಟ್ಟಿಲು ತುಂಬಾ ಕಡಿದು, ಇಳಿಯುವಾಗ ಹುಷಾರು. ಹೆಸರು ಅರುಣ ಆದರೂ ಇದು ಚೆಂದ ಕಾಣುವುದು ಸಂಜೆಗೆ, ಅದೂ ಈಚೆ ದಡದಿಂದ. ಅದಕ್ಕೇ ಸೂರ್ಯ ಮುಳುಗುವ ಮೊದಲೇ ವಾಪಸ್ ದೋಣಿ ಹತ್ತಿ.

ಇನ್ನೂ ಶಕ್ತಿ ಇದೆಯಾ? ದಕ್ಷಿಣಕ್ಕೆ ಸ್ವಲ್ಪ ನಡೆದರೆ ಪಾಕ್ ಖ್ಲೋಂಗ್ ತಲಾಟ್ ಹೂವಿನ ಮಾರುಕಟ್ಟೆ. ರಾತ್ರಿಯಾದಷ್ಟೂ ಅಲ್ಲಿ ಕೆಲಸ ಜೋರು. ಚೆಂಡುಹೂವಿನ ಮೂಟೆಗಳ ನಡುವೆ ಕೂತು ಮಲ್ಲಿಗೆಯ ಪುಟ್ಟ ಹಾರ ಪೋಣಿಸುವವರ ಬೆರಳು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಸನಾಮ್ ಚೈ ಸ್ಟೇಷನ್ ಅಲ್ಲಿಂದಲೂ ಹತ್ತಿರವೇ.